ಗಿರಣಿಯ ಒಳಹೊಟ್ಟೆ

ಎಲ್ಲ ಗಿರಣಿಗೂ ಒಂದು ಒಳಹೊಟ್ಟೆ ಇರುತ್ತದೆ.
ಬುಟ್ಟಿ ಮೆಕ್ಕೆಜೋಳ ಸುರಿದರೆ
ಕೊನೆಯ ಎರಡು ಹಿಡಿ ಹಿಟ್ಟು ಅಲ್ಲೇ ಅವಿತುಕೊಳ್ಳುತ್ತದೆ.
ಸಂಜೆ ಬಾಗಿಲು ಹಾಕಿಕೊಂಡು ಗಿರಣಿಯವನು ಅದನ್ನು ಕೆರೆಯುತ್ತಾನೆ:
ಯಾರದೂ ಅಲ್ಲದ ಹಿಟ್ಟು, ಹಾಗಾಗಿ ಅವನದು.
ನಮ್ಮ ಮ್ಜಿಂಬಾ ಸೀಮೆಯಲ್ಲಿ ಅದನ್ನು ಕಳವು ಎಂದು
ಯಾರೂ ಅನ್ನುತ್ತಿರಲಿಲ್ಲ.

ನಾನಂತೂ ಅನ್ನುವ ಹಾಗೇ ಇರಲಿಲ್ಲ.
ನಾನು ಇದ್ದಲು ಮಾರುವವಳು.
ಚೀಲದ ತಳಕ್ಕೆ ಒಣಹುಲ್ಲು, ನಡುವೆ ಪುಡಿ,
ಬಾಯಿಗೆ ಮಾತ್ರ ಮುಷ್ಟಿಗಾತ್ರದ ಗಟ್ಟಿ ತುಂಡು.
ಎಡಕ್ಕೆ ಟೊಮೆಟೊ ಗುಡ್ಡೆಯ ಟಿಯೋಂಗೆ,
ಹಣ್ಣಿನ ಕೊಳೆತ ಕೆನ್ನೆ ನೆಲಕ್ಕೆ, ನುಣುಪು ಕೆನ್ನೆ ಗಿರಾಕಿಗೆ.
ಬಲಕ್ಕೆ ಎಣ್ಣೆ ಅಳೆಯುವ ಮುದುಕ ಜೆರೆ,
ಅವನ ಡಬ್ಬಿಯ ತಳ ಹಸಿದ ಹೊಟ್ಟೆಯ ಹಾಗೆ ಒಳಕ್ಕೆ ಹೋಗಿತ್ತು.
ಭಾನುವಾರ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಹಾಡುತ್ತಿದ್ದೆವು.
ನನ್ನ ದನಿ ಎಲ್ಲರಿಗಿಂತ ಮೇಲೆ.

ಆಗ ಗಿರಣಿಗೆ ಲುಸುಂಗು ಬಂದ.
ಕೃಪೆ ಎಂದು ಆ ಹೆಸರಿನ ಅರ್ಥ; ಇರಲಿ, ಹೆಸರಿಗೇನು ತೆರಿಗೆಯೇ?
ಒಂದು ಕಿವಿ ಮಂದ, ಮಾತು ಕಡಿಮೆ.
ಬೀಸಿ ಮುಗಿದ ಮೇಲೆ
ಮರದ ಕೊಡತಿಯಿಂದ ಗಿರಣಿಯ ಪಕ್ಕೆಗೆ ಬಡಿಯುತ್ತಿದ್ದ,
ಟಪ್, ಟಪ್, ಟಪ್,
ಹಾಲಿಗಾಗಿ ಕರು ಕೆಚ್ಚಲನ್ನು ಗುದ್ದುವ ಹಾಗೆ,
ಕೊನೆಯ ಧೂಳೂ ಇಳಿದು
ಜೋಳ ತಂದವಳ ಬುಟ್ಟಿಗೆ ಬೀಳುವತನಕ.
ಸಾಲು ಉದ್ದವಾಯಿತು. ಗೊಣಗಿದರು.
"ಬೇಗ ಮಾಡಯ್ಯಾ, ಸಂತ!" ಎಂದು ಕೂಗಿದವಳು ನಾನೇ.
ಅವನು ಮಂದ ಕಿವಿಯನ್ನು ನನ್ನ ಕಡೆಗೆ ತಿರುಗಿಸಿದ.

ಅವನನ್ನು ಕಂಡು ನಾವು ಬದಲಾದೆವು ಎಂದರೆ ಸುಳ್ಳಾಗುತ್ತದೆ.
ಒಳ್ಳೆಯವನು ಪಕ್ಕದಲ್ಲಿದ್ದರೆ
ರವಿಕೆಯೊಳಗೆ ಇರುವೆ ಹೊಕ್ಕಂತೆ.
ಕಾಯುತ್ತಿದ್ದೆವು, ಅವನು ಜಾರುವುದನ್ನು.

ಜಾರಿದ.
ಜನವರಿ, ಹಸಿವಿನ ತಿಂಗಳು.
ಡೀಸೆಲ್ ಇಲ್ಲದೆ ಎರಡು ದಿನ ನಿಂತಿದ್ದ ಗಿರಣಿ,
ಬೈದು ಹೋಗಿದ್ದ ಮಾಲೀಕ.
ನೆಲದ ಹಿಟ್ಟು ಬಾಚಿಕೊಳ್ಳಲು ಬೆಲ್ಟಿನ ಹತ್ತಿರ ನುಗ್ಗಿದ ಹುಡುಗ,
ಜೆರೆಯ ಮೊಮ್ಮಗ, ತಾಯಿಯಿಲ್ಲದವನು.
ಲುಸುಂಗುವಿನ ಕೈ ಬಿತ್ತು.
ಕೆನ್ನೆಯ ಮೇಲೆ ಬಿಳಿ ಹಿಟ್ಟಿನ ಐದು ಬೆರಳು.
ಸಂತೆಗೆಲ್ಲ ಒಳಗೊಳಗೇ ಹಬ್ಬ.
"ನೋಡಿದೆಯಾ?" ಎಂದೆ, ಟಿಯೋಂಗೆಗೆ ಮೊಣಕೈಯಿಂದ ತಿವಿದು.

ಅವನು ಗಿರಣಿ ನಿಲ್ಲಿಸಿದ.
ಆ ಸದ್ದು ನಿಂತಾಗ ನಮ್ಮ ಉಸಿರು ನಮಗೇ ಕೇಳಿತು.
ಎಣ್ಣೆಯಂಗಡಿಯವರೆಗೆ ನಡೆದು ಹೋಗಿ
ಹುಡುಗನ ಎತ್ತರಕ್ಕೆ, ಕೆಸರಿನಲ್ಲಿ, ಮಂಡಿಯೂರಿದ.
ನಮ್ಮಲ್ಲಿ ಮಂಡಿಯೂರುವವರು ಹೆಂಗಸರು, ಕಿರಿಯರು.
"ಹಸಿದವನು ನೀನು, ಹೊಡೆದವನು ನಾನು. ತಪ್ಪು ನನ್ನದು" ಎಂದ,
ಸಂತೆಗೆಲ್ಲ ಕೇಳುವಂತೆ.
ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ತಿಳಿಯದು.
ಅಷ್ಟೇ. ದೇವರ ಹೆಸರನ್ನೂ ಎತ್ತಲಿಲ್ಲ.
ಎದ್ದಾಗ ಪ್ಯಾಂಟಿನ ಮಂಡಿಗಳಲ್ಲಿ ಎರಡು ಕೆಸರಿನ ಬಿಲ್ಲೆ.
ತೊಳೆಯದೆ, ಹಾಗೇ ಸಂಜೆಯತನಕ ಬೀಸಿದ.

ಆ ರಾತ್ರಿ ಕತ್ತಲಲ್ಲಿ ಜೆರೆ
ಡಬ್ಬಿಯ ತಳವನ್ನು ಕಲ್ಲಿನಿಂದ ಬಡಿದು ಹೊರಕ್ಕೆ ತರುತ್ತಿದ್ದುದು
ನನಗೆ ಕೇಳಿಸಿತು. ಟಪ್, ಟಪ್.
ಮುಂದಿನ ಸಂತೆಗೆ ಟಿಯೋಂಗೆ
ಕೊಳೆತ ಹಣ್ಣೊಂದನ್ನು ಕಲೆ ಕಾಣುವಂತೆ ಇಟ್ಟಳು, ಕಾಲು ಬೆಲೆಗೆ.
ಮೊದಲು ಬಿಕರಿಯಾದದ್ದು ಅದೇ.

ನಾನೋ?
ನಾನು ಇನ್ನೂ ಎರಡು ಸಂತೆ ಹುಲ್ಲು ತುಂಬಿದೆ.
ಮೂರನೆಯದಕ್ಕೆ ಚೀಲ ಕಟ್ಟುವಾಗ ಕೈ ತಡೆಯಿತು.
ಭಕ್ತಿಯಲ್ಲ, ನಾಚಿಕೆಯೂ ಪೂರ್ತಿ ಅಲ್ಲ;
ಕಣ್ಣಿಗೆ ಕಟ್ಟಿದ್ದು ಆ ಎರಡು ಮಂಡಿ.
ಹುಲ್ಲನ್ನು ಮೇಕೆಗೆ ಹಾಕಿದೆ.
ಚೀಲ ಮೊದಲಿಗಿಂತ ಕುಳ್ಳಗಾಯಿತು, ನನ್ನ ಹಾಗೆಯೇ.

ಈಗ ಭಾನುವಾರ ಹಾಡುವಾಗ ನನ್ನ ದನಿ ತುಸು ತಗ್ಗು,
ಪಕ್ಕದವಳದೂ ಕೇಳುತ್ತದೆ.
ಸಕ್ಕರೆಯಂಗಡಿಯವನ ತಕ್ಕಡಿ ಇನ್ನೂ ಒಂದೇ ಕಡೆಗೆ ಓಲುತ್ತದೆ.
ಓಲಲಿ.
ಅವನಿಗೂ ಗಿರಣಿಗೂ ನಡುವಿನ ಗೋಡೆ
ಬರೀ ತಗಡು.
ದಿನವಿಡೀ ಕೇಳುತ್ತಿರುತ್ತದೆ, ಟಪ್, ಟಪ್.